ಅವ್ವನ ಪಾಳಿ

ಸತ್ತವರ ದನಿ ಡಬ್ಬಿಯಲ್ಲಿ ಉಳಿಯುವ ಕಾಲ. ತೀರಿಕೊಂಡ ಕಾಶವ್ವ, ಮಗಳು ಭರಮವ್ವನ ಅಡುಗೆಮನೆಯ ಹಿತ್ತಾಳೆ ಡಬ್ಬಿಯೊಳಗಿದ್ದುಕೊಂಡೇ ಸಾರಿನ ಉಪ್ಪು ವಿಚಾರಿಸುತ್ತಿದ್ದಳು, ಮೊಮ್ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಅವಳ ಗಂಡುಮಕ್ಕಳಿಬ್ಬರು ಆ ದನಿಯಲ್ಲಿ ಪಾಲು ಕೇಳಿ ಧಾರವಾಡದ ಕೋರ್ಟಿಗೆ ಹೋದರು.

ಇಂಥ ದಾವೆ ಹಿಂದೆ ನಡೆದಿರಲಿಲ್ಲ. ಅವರ ವಕೀಲ ಹುಡುಕಿ ಹುಡುಕಿ, ಅಣ್ಣತಮ್ಮಂದಿರಿಗೆ ಬಾವಿನೀರು ಹಂಚಿದ ಹಳೆಯ ತೀರ್ಪೊಂದನ್ನು ತಂದ. ಅದರಲ್ಲಿ ಹೆಣ್ಣುಮಕ್ಕಳಿಗೆ ಪಾಲಿರಲಿಲ್ಲ.

ನ್ಯಾಯಾಧೀಶರು ಅದನ್ನೇ ಒಪ್ಪಿ, ಹಿರಿಯನಿಗೆ ಆರು ತಿಂಗಳು, ಕಿರಿಯನಿಗೆ ಆರು ತಿಂಗಳು ಎಂದು ಪಾಳಿ ಹಚ್ಚಿದರು.

"ನಾ ಮಗಳ ಕಡೆ ಇರ್ತೀನ್ರೀ ಸಾಹೇಬ್ರ!" ಮೇಜಿನ ಮೇಲಿದ್ದ ಡಬ್ಬಿ ಕೂಗಿತು. "ನನ್ನೂ ಒಂದ್ ಮಾತು ಕೇಳ್ರಿ!"

"ಬಾವಿ ಸಾಕ್ಷಿ ಹೇಳೂದಿಲ್ಲ, ಮಹಾಸ್ವಾಮಿ," ಎಂದ ವಕೀಲ.

ನ್ಯಾಯಾಧೀಶರು ಹೌದೆಂದು ತಲೆಯಾಡಿಸಿದರು. ಜವಾನ ಡಬ್ಬಿ ಮುಚ್ಚಲು ಮುಚ್ಚಳ ಎತ್ತಿಕೊಂಡ. ಕಾಶವ್ವನ ದನಿ ತಗ್ಗಿತು.

"ವಕೀಲಪ್ಪಾ, ನಾಳೆ ನಿಮ್ಮವ್ವ ಯಾರ ಪಾಳಿಗೆ ಬರ್ತಾಳೋ?"