ಬುಧ ದೊಡ್ಡದೋ, ಗ್ಯಾನಿಮೀಡ್ ದೊಡ್ಡದೋ

ನಿವೃತ್ತ ವಿಜ್ಞಾನ ಮೇಷ್ಟ್ರು ಚನ್ನಬಸಯ್ಯ ಎರಡು ಬಸ್ಸು ಬದಲಿಸಿ, ತಮ್ಮ ಹಳೆಯ ವಿದ್ಯಾರ್ಥಿನಿ ರೇಣವ್ವನ ಹೊಲಿಗೆ ಅಂಗಡಿಗೆ ಬಂದಿದ್ದರು.

"ನೀ ಏಳನೇ ಕ್ಲಾಸಿನ್ಯಾಗ ಇದ್ದಾಗ ಕೇಳಿದ್ದೆ, ಬುಧ ಗ್ರಹ ದೊಡ್ಡದೋ, ಗುರುವಿನ ಚಂದ್ರ ಗ್ಯಾನಿಮೀಡ್ ದೊಡ್ಡದೋ ಅಂತ. ನೀ ಪಾಟಿ ಮ್ಯಾಲ ಗ್ಯಾನಿಮೀಡ್ ಅಂತ ಬರದಿದ್ದಿ. ಚಂದ್ರ ಎಲ್ಲೆರ ಗ್ರಹಕ್ಕಿಂತ ದೊಡ್ಡದಿರತೈತೇನು ಅಂತ ಎಲ್ಲಾರ ಮುಂದ ನಿನ್ನ ನೋಡಿ ನಕ್ಕೆ."

ರೇಣವ್ವ ಹೊಲಿಗೆ ಯಂತ್ರ ನಿಲ್ಲಿಸಿದಳು. "ನೆನಪೈತ್ರಿ."

"ಹೋದ ತಿಂಗಳು ತಾರಾಲಯದಾಗ ಎರಡರ ಅಳತಿನೂ ಓದಿದೆ. ತೂಕದಾಗ ಬುಧನ ಹೆಚ್ಚು. ಆದ್ರ ನಾ ಕೇಳಿದ್ದು ಗಾತ್ರ. ನಿನ್ನ ಉತ್ತರ ಖರೇ ಇತ್ತು ತಂಗಿ. ತಪ್ಪು ನಂದು."

ರೇಣವ್ವ ಒಂದು ಲೋಟ ನೀರು ಕೊಟ್ಟಳು.

"ಮನಸಿಗೆ ಹಚ್ಕೋಬ್ಯಾಡ್ರಿ ಸರ. ಅದು ನನ್ನ ಉತ್ತರ ಅಲ್ರಿ. ಬಾಜೂಕ ಕುಂತಿದ್ದ ಮಾಬೂಬಿ ಪಾಟಿ ನೋಡಿ ಬರದಿದ್ದೆ."

ಮೇಷ್ಟ್ರಿಗೆ ಒಂದು ಗಳಿಗೆ ಎದೆಯ ಭಾರ ಇಳಿದಂತಾಯಿತು. ಆಮೇಲೆ ಏನೋ ನೆನಪಾಗಿ ಕೇಳಿದರು. "ಮಾಬೂಬಿ ಬುಧ ಅಂತ ಬರದಿದ್ಲಲ್ಲ? ಆಕಿಗೆ ನಾನ ಭೇಷ್ ಅಂದಿದ್ದೆ."

"ನೀವು ನನ್ನ ನೋಡಿ ನಕ್ಕಿದ್ದ ತಡ, ಆಕಿ ಮೊದಲ ಬರದದ್ದು ಅಂಗೈಲೆ ಒರಿಸಿ ಬುಧ ಅಂತ ಬರದಳ್ರಿ."