ಹೇರೋ ಎಂಬ ಹೆಸರು

ಮಹಾಬಾದಿನಲ್ಲಿ ಗೆಲಾವೇಜ್ ತನ್ನ ಹಸುಗೂಸನ್ನು ಬಟ್ಟೆಪಟ್ಟಿಯಿಂದ ತೊಟ್ಟಿಲಿಗೆ ಬಿಗಿಯುತ್ತಿದ್ದಾಗ, ಹನ್ನೊಂದು ತಿಂಗಳ ಕುರ್ದಿ ಗಣರಾಜ್ಯ ನಾಳೆ ಮಧ್ಯಾಹ್ನ ಮುಗಿಯುವುದೆಂದು ರೇಡಿಯೊ ಹೇಳಿತು. ದೇಶವೊಂದು ಮುಗಿದರೆ ಅದರ ಕಾಲದಲ್ಲಿ ಇಟ್ಟ ಹೆಸರುಗಳು ಕಾಗದದಿಂದಲೂ ಮನಸ್ಸಿನಿಂದಲೂ ಅಳಿದುಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ.

“ನಾಡಿದ್ದು ಹೊಸ ಸರ್ಕಾರದವರು ಬೇರೆ ಹೆಸರು ಹಂಚ್ತಾರೆ ಕಣೇ, ಸಾಲಲ್ಲಿ ಮುಂದೆ ನಿಂತ್ಕೋ. ತಡವಾದ್ರೆ ಅಳಿದುಳಿದದ್ದೇ ಗತಿ,” ಎಂದು ಪಕ್ಕದ ಮನೆಯ ಹಮೀನ್ ನಕ್ಕಳು.

“ಇವಳು ಹೇರೋ, ಹಮೀನಕ್ಕ.”

“ಮರೆತದ್ದೂ ಮರೆತುಹೋಗುತ್ತೆ ಬಿಡು, ನೋವಾಗಲ್ಲ. ನನ್ನ ಮಗನಿಗೂ ಮೊದಲು ಏನೋ ಹೆಸರಿತ್ತಂತೆ.”

ಅವಳು ಹೋದ ಮೇಲೆ ಗೆಲಾವೇಜ್ ತನ್ನ ಗಲ್ಲದ ಹಚ್ಚೆಯನ್ನು ಮುಟ್ಟಿ ನೋಡಿಕೊಂಡಳು. ದೀಪದ ಮಸಿಗೆ ತಾಯಿಹಾಲು ಬೆರೆಸಿ ಅಜ್ಜಿ ಚುಚ್ಚಿದ್ದು. ಎರಡು ದೇಶಗಳು ಅಳಿದರೂ ಅದು ಅಳಿದಿರಲಿಲ್ಲ. ಗಂಡ ಮನೆಗೆ ಬಂದು ತಡೆಯುವುದರೊಳಗೆ ಮಗಳ ಹೆಸರನ್ನು ತೋಳಿನ ಒಳಬದಿಗೆ ಚುಚ್ಚಿಕೊಂಡುಬಿಡಬೇಕು, ನಾಳೆ ಅದು ಯಾರ ಹೆಸರೆಂದು ತನಗೇ ತಿಳಿಯದಿದ್ದರೂ ಸರಿ ಎಂದುಕೊಂಡು ಬಾಗಿಲಿಗೆ ಅಗುಳಿ ಹಾಕಿದಳು.