ಮೇಷ್ಟ್ರು ಬರೆದುಕೊಂಡ ಹೆಸರು

ಹೋದ ವರ್ಷ ದುಡ್ಡು ಕೇಳಿ ಬಾಗಿಲು ಹಾಕಿಕೊಂಡಿದ್ದ ಜಾಲತಾಣದ ಪುಟ ಈ ಸಲ ಮೊಮ್ಮಗಳ ಫೋನಿನಲ್ಲಿ ಸುಮ್ಮನೆ ತೆರೆದುಕೊಂಡಿತು. ಗಿರಿಜಾಂಬಿಕಾ ಕನ್ನಡಕ ಸರಿಮಾಡಿಕೊಂಡರು. ಕೊಬ್ಬರಿಯ ಬಗ್ಗೆ ಮೂವತ್ತೆಂಟು ವರ್ಷ ಹಳೆಯ ಲೇಖನ.

"ಈಗ ಇದನ್ನ ಯಾರು ಬೇಕಾದ್ರೂ ಓದ್ಬೋದು ಅಜ್ಜಿ," ಎಂದಳು ನಿಸರ್ಗ. ಕೊಬ್ಬರಿಯ ಮೇಲಿನ ಅವಳ ಸಂಶೋಧನೆಗೆ ವಿಶ್ವವಿದ್ಯಾಲಯದ ಅನುದಾನ ಸಿಕ್ಕಿತ್ತು. "ನನ್ ಲೇಖನಾನೂ ಹಿಂಗೇ ಎಲ್ಲರಿಗೂ ಬಿಟ್ಟಿ ಸಿಗ್ಬೇಕಂತೆ. ಅದೇ ಷರತ್ತು."

ಆ ಹಳೆಯ ಲೇಖನ ಬರೆದ ಕಾಲೇಜು ಮೇಷ್ಟ್ರು ಅಂದು ಈ ಮನೆಯಲ್ಲೇ, ಕಾಯಿ ಒಣಗಿಸುವ ಇದೇ ಅಟ್ಟದ ಕೆಳಗೆ ಕುಳಿತಿದ್ದರು. ಗಿರಿಜಾಂಬಿಕಾ ಅವರ ಅತ್ತೆ ಚೆನ್ನಬಸಮ್ಮ ಒಂದು ಕಾಯನ್ನು ಅವರ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿ ಒಳಗಿನ ಕೊಬ್ಬರಿ ಗಡಗಡ ಉರುಳುವುದನ್ನು ಕೇಳಿಸಿದ್ದರು. ಮೇಷ್ಟ್ರು ಅತ್ತೆಯ ಹೆಸರು ಬರೆದುಕೊಂಡು ಹೋದರು. ಲೇಖನ ಅಚ್ಚಾದ ಪತ್ರಿಕೆ ಮಾತ್ರ ತಿಪಟೂರಿನ ಯಾವ ಲೈಬ್ರರಿಗೂ ಬರಲಿಲ್ಲ. "ಬಿಎಸ್ಸಿ ಓದಿದ್ದೀಯಲ್ಲೇ, ನನ್ ಹೆಸ್ರು ಹಾಕವ್ರಾ ನೋಡೇ," ಎಂದು ಅತ್ತೆ ಹಾಸಿಗೆ ಹಿಡಿದಾಗಲೂ ಕೇಳುತ್ತಿದ್ದರು. ಒಂದು ದಿನ ಗಿರಿಜಾಂಬಿಕಾ ಸುಳ್ಳು ಹೇಳಿಬಿಟ್ಟರು: "ಹಾಕವ್ರೆ ಅತ್ತೆ, ದಪ್ಪ ಅಕ್ಷರದಲ್ಲಿ." ಅತ್ತೆ ನಕ್ಕು, ಪಕ್ಕದ ಮನೆಯವರಿಗೂ ಹೇಳಿಸಿದ್ದರು.

"ಕೊನೇ ಪುಟ ತೆಗಿ ಕಣೇ," ಎಂದರು ಗಿರಿಜಾಂಬಿಕಾ.

ನಿಸರ್ಗ ಅಲ್ಲಿದ್ದ ಕೃತಜ್ಞತೆಯ ಸಾಲುಗಳ ಇಂಗ್ಲಿಷನ್ನು ಕನ್ನಡ ಮಾಡಿ ಓದಿದಳು: "ಕಾಯಿಯ ಸದ್ದು ಕೇಳುವುದನ್ನು ನನಗೆ ಕಲಿಸಿದವರು ಚೆನ್ನಬಸಮ್ಮನವರು. ಅವರು ನನ್ನನ್ನು ಮಧ್ಯಾಹ್ನ ಉಣ್ಣದೆ ಹೋಗಲು ಬಿಡಲಿಲ್ಲ." ಆಮೇಲೆ ನಕ್ಕಳು. "ಐತೆ ಅಜ್ಜಿ! ಆದ್ರೆ ಇರುವೆಯಷ್ಟು ಸಣ್ಣಕ್ಷರ."

ಗಿರಿಜಾಂಬಿಕಾ ಫೋನನ್ನು ಮಡಿಲಿಗೆ ತೆಗೆದುಕೊಂಡು, ಆ ಹೆಸರಿನ ಮೇಲೆ ಎರಡು ಬೆರಳಿಟ್ಟು, ಪರದೆಯ ತುಂಬ ಅದೊಂದೇ ಕಾಣುವವರೆಗೆ ಮೆಲ್ಲಗೆ ಅಗಲಿಸಿದರು.